ರೋಗಿಗಳ ಮತ್ತು ವೈದ್ಯರ ಅಭಿಜ್ಞಾನಸಂಖ್ಯೆಗಳು

೧

ಕನ್ನಡ ಸಾಹಿತ್ಯಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಒಂದೇ ಹೆಸರಿನ ಇಬ್ಬರು ಕವಿಗಳಿಂದ ಉಂಟಾಗುವ ತೊಡಕು ಹೊಸದಲ್ಲ. ‘ಛಂದೋಂಬುಧಿ’ಯನ್ನು ರಚಿಸಿದ ನಾಗವರ್ಮನೂ ‘ಕಾವ್ಯಾವಲೋಕನ’ವನ್ನು ರಚಿಸಿದ ನಾಗವರ್ಮನೂ ಬೇರೆ ಬೇರೆ ಕಾಲದವರೆಂದು ನಿರ್ಣಯವಾದ ಮೇಲೆ ವಿದ್ವಾಂಸರು ಅವರನ್ನು ಒಂದನೆಯ ನಾಗವರ್ಮ, ಎರಡನೆಯ ನಾಗವರ್ಮ ಎಂದು ಕರೆಯತೊಡಗಿದರು. ಗುಣವರ್ಮರ ವಿಷಯದಲ್ಲಿಯೂ ಹಾಗೆಯೇ ಆಯಿತು. ಹೆಸರು ಮಾಡಲಾರದ ಕೆಲಸವನ್ನು ಇಲ್ಲಿ ಸಂಖ್ಯೆಯು ಮಾಡುತ್ತದೆ. ಇಬ್ಬರನ್ನು ಒಬ್ಬನೆಂದು ಎಣಿಸಿದರೆ ಒಬ್ಬನ ಕೃತಿ ಇನ್ನೊಬ್ಬನ ಪಾಲಿಗೆ ಸೇರುವುದು. ಒಬ್ಬನನ್ನೇ ಇಬ್ಬರೆಂದು ಎಣಿಸಿದರೆ ಒಂದೇ ಜೀವಿತವು ಎರಡು ತುಂಡಾಗುವುದು. ಸಾಹಿತ್ಯದಲ್ಲಿ ಇಂತಹ ತಪ್ಪನ್ನು ಮುಂದಿನ ಸಂಶೋಧಕರು ತಿದ್ದಬಹುದು. ಚಿಕಿತ್ಸಾಲಯದಲ್ಲಿ ನಡೆದ ತಪ್ಪಿಗೆ ಅಂತಹ ಅವಕಾಶ ಯಾವಾಗಲೂ ದೊರೆಯುವುದಿಲ್ಲ.

ಅಲ್ಲಿಯೂ ತಪ್ಪುಗಳು ಈ ಎರಡೇ ಬಗೆಯವು. ಇಬ್ಬರು ರೋಗಿಗಳ ವಿವರಗಳು ಒಂದೇ ಕಡತದಲ್ಲಿ ಬೆರೆತರೆ ಒಬ್ಬಳ ರಕ್ತದ ಗುಂಪು ಇನ್ನೊಬ್ಬಳ ಹೆಸರಿನ ಮುಂದೆ ಬರೆಯಲ್ಪಡುವುದು. ಒಬ್ಬಳೇ ರೋಗಿಯ ವಿವರಗಳು ಎರಡು ಕಡತಗಳಲ್ಲಿ ಹರಿದು ಹೋದರೆ, ಯಾವ ಔಷಧವು ಅವಳ ಮೈಗೆ ಒಗ್ಗದೆಂದು ಮೊದಲನೆಯ ಕಡತದಲ್ಲಿ ಬರೆದಿದೆಯೋ ಅದೇ ಔಷಧವನ್ನು ಎರಡನೆಯ ಕಡತವನ್ನು ನೋಡಿದ ವೈದ್ಯನು ಕೊಡಬಹುದು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ರೋಗಿಗಳ ಸುರಕ್ಷತೆಗಾಗಿ ಪ್ರಕಟಿಸಿದ ಸೂತ್ರಗಳಲ್ಲಿ, ರೋಗಿಯನ್ನು ಕಡಮೆಯೆಂದರೆ ಎರಡು ಗುರುತುಗಳಿಂದ ತಿಳಿಯಬೇಕೆಂದೂ, ಅವುಗಳಲ್ಲಿ ಕೊಠಡಿಯ ಸಂಖ್ಯೆಯು ಒಂದಾಗಿರಕೂಡದೆಂದೂ ಸೂಚಿಸಿತು. ಮಂಚವೂ ಕೊಠಡಿಯೂ ಇದ್ದಲ್ಲಿಯೇ ಇರುತ್ತವೆ. ಅಲ್ಲಿ ಮಲಗಿರುವವರು ಮಾತ್ರ ಬದಲಾಗುತ್ತಿರುತ್ತಾರೆ.

ಕನ್ನಡನಾಡಿನ ಹೆಸರುಗಳು ಈ ತೊಡಕನ್ನು ಹೆಚ್ಚಿಸುತ್ತವೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರಿರುವುದುಂಟು. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಮೊದಲಕ್ಷರಗಳಾಗಿ ಕುಗ್ಗಿಸಿ ಬರೆಯುವವರು ಒಂದು ಕಡೆ, ಅಡ್ಡಹೆಸರನ್ನು ಕೊನೆಯಲ್ಲಿ ಸೇರಿಸುವವರು ಮತ್ತೊಂದು ಕಡೆ. ಮದುವೆಯಾದ ಹೆಣ್ಣುಮಗಳ ಹೆಸರಿನ ಜತೆಗೆ ಒಮ್ಮೆ ತಂದೆಯ ಹೆಸರೂ ಒಮ್ಮೆ ಗಂಡನ ಹೆಸರೂ ಕಾಣುವುದು. ಲಕ್ಷ್ಮಿ, ಲಕ್ಷ್ಮಮ್ಮ, ಲಕ್ಷ್ಮೀದೇವಿ ಎಂಬ ಮೂರು ಹೆಸರುಗಳು ಒಬ್ಬಳವೇ ಆಗಿರಬಹುದು, ಮೂವರವೂ ಆಗಿರಬಹುದು. ಇವೆಲ್ಲವನ್ನೂ ರೋಮನ್ ಲಿಪಿಯಲ್ಲಿ ಬರೆದಾಗ ಹ್ರಸ್ವದೀರ್ಘಗಳ ಭೇದವೂ ಅಲ್ಪಪ್ರಾಣ ಮಹಾಪ್ರಾಣಗಳ ಭೇದವೂ ಬರೆಯುವವನ ಅಭ್ಯಾಸಕ್ಕೆ ಬಿಟ್ಟುದಾಗುತ್ತದೆ. ಹೆಸರೊಂದನ್ನೇ ನಂಬುವುದು ಸಾಲದೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

೨

ಅಮೆರಿಕದ ಆರೋಗ್ಯಸಂಖ್ಯಾಶಾಸ್ತ್ರಜ್ಞನಾದ ಹಾಲ್ಬರ್ಟ್ ಡನ್ ಎಂಬಾತನು ೧೯೪೬ರಲ್ಲಿ ಮನುಷ್ಯನ ಜೀವಿತವನ್ನು ಒಂದು ಗ್ರಂಥಕ್ಕೆ ಹೋಲಿಸಿದನು. ಜನನದ ದಾಖಲೆ ಅದರ ಮೊದಲನೆಯ ಪುಟ, ಮರಣದ ದಾಖಲೆ ಕೊನೆಯ ಪುಟ. ನಡುವಣ ಪುಟಗಳು ಹಲವು ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಚೆದರಿಹೋಗಿರುತ್ತವೆ. ಅವನ್ನು ಒಂದು ಕಟ್ಟಾಗಿ ಸೇರಿಸುವುದೇ ದಾಖಲೆಗಳ ಸಂಯೋಜನೆ ಎಂಬುದು ಅವನ ಅಭಿಪ್ರಾಯ. ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಈ ಹೋಲಿಕೆಯ ಔಚಿತ್ಯವು ಕೂಡಲೇ ಹೊಳೆಯುವುದು. ಗರಿಯ ಅಂಚಿನಲ್ಲಿ ಅಂಕೆಯಿದ್ದರೆ ಚೆದರಿದ ಗ್ರಂಥವನ್ನು ಕೂಡಿಸುವುದು ಸುಲಭ. ಅಂಕೆ ಅಳಿಸಿಹೋಗಿದ್ದರೆ ಸಂದರ್ಭ, ಶೈಲಿ, ಬರವಣಿಗೆಗಳಿಂದ ಊಹಿಸಬೇಕು.

ಅಂಕೆಯಿಲ್ಲದ ದಾಖಲೆಗಳನ್ನು ಊಹೆಯಿಂದ ಕೂಡಿಸುವ ಶಾಸ್ತ್ರವೂ ಬೆಳೆದಿದೆ. ಕೆನಡದ ಹೊವರ್ಡ್ ನ್ಯೂಕೊಂಬನೂ ಅವನ ಸಂಗಡಿಗರೂ ೧೯೫೯ರಲ್ಲಿ ಗಣಕಯಂತ್ರದಿಂದ ಜನನ ವಿವಾಹ ದಾಖಲೆಗಳನ್ನು ಹೋಲಿಸಿ ನೋಡುವ ಕ್ರಮವನ್ನು ಪ್ರಕಟಿಸಿದರು. ೧೯೬೯ರಲ್ಲಿ ಫೆಲ್ಲೆಗಿ ಮತ್ತು ಸಂಟರ್ ಎಂಬವರು ಅದಕ್ಕೆ ಗಣಿತದ ತಳಹದಿಯನ್ನು ಒದಗಿಸಿದರು. ಅಪರೂಪದ ಹೆಸರು ಎರಡು ದಾಖಲೆಗಳಲ್ಲಿ ಹೊಂದಿಕೊಂಡರೆ ಅದಕ್ಕೆ ಹೆಚ್ಚು ಬೆಲೆ, ಎಲ್ಲೆಡೆಯೂ ಕಾಣುವ ಹೆಸರು ಹೊಂದಿಕೊಂಡರೆ ಕಡಮೆ ಬೆಲೆ ಎಂಬುದು ಈ ಕ್ರಮದ ತಿರುಳು. ಆದರೆ ಇದರಿಂದ ದೊರೆಯುವುದು ಸಂಭಾವ್ಯತೆಯೇ ಹೊರತು ನಿಶ್ಚಯವಲ್ಲ. ನಿಶ್ಚಯವನ್ನು ಬಯಸಿದ ದೇಶಗಳು ಗರಿಗೆ ಅಂಕೆಯನ್ನೇ ಹಾಕಲು ತೊಡಗಿದುವು.

ಇಂಗ್ಲೆಂಡಿನಲ್ಲಿ ಇದು ಯುದ್ಧದ ಫಲವಾಗಿ ಬಂದಿತು. ೧೯೩೯ನೆಯ ಸೆಪ್ಟೆಂಬರ್ ೨೯ರಂದು ನಡೆದ ರಾಷ್ಟ್ರೀಯ ಗಣನೆಯಲ್ಲಿ ಪ್ರತಿಯೊಬ್ಬನಿಗೂ ಕೊಟ್ಟ ಗುರುತುಚೀಟಿಯ ಸಂಖ್ಯೆಯನ್ನೇ ೧೯೪೮ನೆಯ ಜುಲೈ ೫ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯು ರೋಗಿಯ ಸಂಖ್ಯೆಯನ್ನಾಗಿ ಮಾಡಿಕೊಂಡಿತು. ಗುರುತುಚೀಟಿಗಳು ೧೯೫೨ರಲ್ಲಿ ರದ್ದಾದುವು, ಸಂಖ್ಯೆಗಳು ಉಳಿದುವು. ಅವುಗಳಲ್ಲಿ ಆ ದಿನ ಮನುಷ್ಯನು ಯಾವ ಪ್ರದೇಶದಲ್ಲಿ, ಯಾವ ಮನೆಯಲ್ಲಿ, ಎಷ್ಟನೆಯವನಾಗಿ ಎಣಿಸಲ್ಪಟ್ಟನೆಂಬುದು ಅಡಗಿದ್ದಿತು. ಇದರ ಸ್ಥಾನದಲ್ಲಿ ಹತ್ತು ಅಂಕೆಗಳ ಹೊಸ ಸಂಖ್ಯೆಯು ಬಂದುದು ೧೯೯೦ರ ದಶಕದ ನಡುವಿನಲ್ಲಿ.

ಸ್ವೀಡನ್ ದೇಶವು ೧೯೪೭ರಲ್ಲಿಯೂ ಡೆನ್ಮಾರ್ಕ್ ೧೯೬೮ರಲ್ಲಿಯೂ ಎಲ್ಲ ಪ್ರಜೆಗಳಿಗೂ ಸಂಖ್ಯೆಯನ್ನು ಕೊಟ್ಟುವು. ಅಲ್ಲಿ ಆಸ್ಪತ್ರೆಗೆ ಬೇರೆಯೆ, ತೆರಿಗೆಗೆ ಬೇರೆಯೆ ಸಂಖ್ಯೆಗಳಿಲ್ಲ. ಒಂದೇ ಸಂಖ್ಯೆಯು ಹುಟ್ಟಿನಿಂದ ಸಾವಿನವರೆಗೆ ನಡೆಯುತ್ತದೆ. ಇದರಿಂದ ವೈದ್ಯಶಾಸ್ತ್ರಕ್ಕೆ ಆದ ಪ್ರಯೋಜನಕ್ಕೆ ಒಂದು ನಿದರ್ಶನ ಸಾಕು. ದಡಾರ ಮೊದಲಾದ ಮೂರು ರೋಗಗಳಿಗೆ ಒಟ್ಟಾಗಿ ಹಾಕುವ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಎಂಬ ಮನೋವೈಕಲ್ಯವು ಬರುವುದೆಂಬ ಶಂಕೆ ಹಬ್ಬಿ, ತಾಯ್ತಂದೆಗಳು ಹೆದರಿದ್ದರು. ಡೆನ್ಮಾರ್ಕಿನ ಸಂಶೋಧಕರು ೧೯೯೧ರಿಂದ ೧೯೯೮ರವರೆಗೆ ಹುಟ್ಟಿದ ೫,೩೭,೩೦೩ ಮಕ್ಕಳ ಲಸಿಕೆಯ ದಾಖಲೆಗಳನ್ನೂ ರೋಗದ ದಾಖಲೆಗಳನ್ನೂ ಸಂಖ್ಯೆಯ ಮೂಲಕ ಕೂಡಿಸಿ ನೋಡಿ, ಅಂತಹ ಸಂಬಂಧವು ಕಾಣುವುದಿಲ್ಲವೆಂದು ೨೦೦೨ರಲ್ಲಿ ಪ್ರಕಟಿಸಿದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೇಳಿ ಇಷ್ಟು ದೊಡ್ಡ ಪರೀಕ್ಷೆಯನ್ನು ನಡೆಸುವುದು ಸುಲಭಸಾಧ್ಯವಾಗಿರಲಿಲ್ಲ.

೩

ಸಂಖ್ಯೆಯ ಸ್ವರೂಪವು ಹೇಗಿರಬೇಕೆಂಬ ವಿಷಯದಲ್ಲಿ ಎರಡು ಮತಗಳುಂಟು. ಸಂಖ್ಯೆಯೊಳಗೆ ಜನ್ಮದಿನ, ಲಿಂಗ, ಊರು ಮೊದಲಾದುವನ್ನು ಅಡಕಮಾಡಬೇಕೆಂಬುದು ಒಂದು. ಇದರಿಂದ ನೆನಪಿಡುವುದು ಸುಲಭ. ಆದರೆ ಸಂಖ್ಯೆಯನ್ನು ಕಂಡವರಿಗೆಲ್ಲ ವಯಸ್ಸು ತಿಳಿದುಹೋಗುವುದು. ಡೆನ್ಮಾರ್ಕಿನ ಸಂಖ್ಯೆಯಲ್ಲಿ ಮೊದಲ ಆರು ಅಂಕೆಗಳು ಹುಟ್ಟಿದ ದಿನವನ್ನು ತಿಳಿಸುತ್ತವೆ. ಹುಟ್ಟಿದ ದಿನವನ್ನು ಅರಿಯದೆ ಹೊರದೇಶಗಳಿಂದ ಬಂದ ಹಲವರಿಗೆ ಜನವರಿ ಒಂದನೆಯ ದಿನವನ್ನೇ ಬರೆದುದರಿಂದ, ಕೆಲವು ವರ್ಷಗಳ ಆ ದಿನಕ್ಕೆ ಸಿಕ್ಕುವ ಸಂಖ್ಯೆಗಳು ಮುಗಿದುಹೋಗಿ, ೨೦೦೭ರಲ್ಲಿ ಅದುವರೆಗಿನ ತಾಳೆಯ ನಿಯಮವನ್ನೇ ಸಡಿಲಿಸಬೇಕಾಯಿತು. ಜನ್ಮದಿನವು ಖಚಿತವಾಗಿ ತಿಳಿಯದ ಹಿರಿಯರು ಮನೆಮನೆಯಲ್ಲಿಯೂ ಇರುವ ಭಾರತದಂತಹ ದೇಶಕ್ಕೆ ಇದು ಒಳ್ಳೆಯ ಪಾಠ. ಸಂಖ್ಯೆಯು ಯಾವ ಅರ್ಥವನ್ನೂ ಹೊತ್ತಿರಕೂಡದು, ಅದು ಬರಿಯ ಗುರುತಾಗಿರಬೇಕು ಎಂಬುದು ಎರಡನೆಯ ಮತ. ಇತ್ತೀಚಿನ ವ್ಯವಸ್ಥೆಗಳಲ್ಲಿ ಹೆಚ್ಚಿನವು ಇದನ್ನೇ ಅನುಸರಿಸಿವೆ.

ಅರ್ಥವಿಲ್ಲದ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿದರೆ ಅದನ್ನು ತಿಳಿಯುವುದು ಹೇಗೆ? ಲಿಪಿಕಾರರ ದೋಷಗಳನ್ನು ಬಲ್ಲವರಿಗೆ ಈ ಪ್ರಶ್ನೆ ಪರಿಚಿತವೇ. ಒಂದು ಅಕ್ಷರಕ್ಕೆ ಅದನ್ನು ಹೋಲುವ ಇನ್ನೊಂದನ್ನು ಬರೆಯುವುದು, ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡುವುದು, ಒಂದನ್ನು ಬಿಡುವುದು, ಇವೇ ಸಂಖ್ಯೆಯನ್ನು ನಕಲುಮಾಡುವಾಗಲೂ ಆಗುವ ತಪ್ಪುಗಳು. ಕಂದಪದ್ಯದಲ್ಲಿ ಅರುವತ್ತುನಾಲ್ಕು ಮಾತ್ರೆಗಳಿರಬೇಕೆಂಬ ನಿಯಮವಿರುವುದರಿಂದ ಅಕ್ಷರ ಬಿದ್ದುಹೋದ ಪಾಠವು ತಾನೇ ತನ್ನ ದೋಷವನ್ನು ಹೊರಗೆಡಹುವುದು. ಸಂಖ್ಯೆಯ ಕೊನೆಯಲ್ಲಿ ಸೇರಿಸುವ ತಾಳೆಯಂಕೆಯು ಇದೇ ಕೆಲಸವನ್ನು ಮಾಡುತ್ತದೆ.

ಇಂಗ್ಲೆಂಡಿನ ರೋಗಿಸಂಖ್ಯೆಯಲ್ಲಿ ಬಳಸುವ ಕ್ರಮವನ್ನು ಒಂದು ಕಿರಿಯ ಸಂಖ್ಯೆಯಿಂದ ವಿವರಿಸಬಹುದು. ೪೬೩ ಎಂಬುದು ಸಂಖ್ಯೆಯಾಗಿರಲಿ. ಎಡದಿಂದ ಕ್ರಮವಾಗಿ ೪, ೩, ೨ರಿಂದ ಗುಣಿಸಿದರೆ ೧೬, ೧೮, ೬ ಬರುತ್ತವೆ, ಒಟ್ಟು ೪೦. ಇದನ್ನು ೧೧ರಿಂದ ಭಾಗಿಸಿದರೆ ಶೇಷ ೭. ಹನ್ನೊಂದಕ್ಕೆ ಕಡಮೆಯಾದುದು ೪. ಈ ನಾಲ್ಕನ್ನು ಕೊನೆಯಲ್ಲಿ ಸೇರಿಸಿದರೆ ಪೂರ್ಣಸಂಖ್ಯೆಯು ೪೬೩೪ ಆಗುತ್ತದೆ. ಕನ್ನಡದ ೬ ಮತ್ತು ೯ ಒಂದನ್ನೊಂದು ಹೋಲುತ್ತವೆ. ಬರೆಯುವವನು ೪೬೩೪ಕ್ಕೆ ಬದಲಾಗಿ ೪೯೩೪ ಎಂದು ಬರೆದನೆಂದು ಇಟ್ಟುಕೊಂಡರೆ, ಮೊದಲ ಮೂರು ಅಂಕೆಗಳ ಗುಣಲಬ್ಧಗಳ ಮೊತ್ತ ೪೯, ಶೇಷ ೫, ತಾಳೆಯಂಕೆ ೬ ಆಗಬೇಕು, ಇರುವುದು ೪, ಆದುದರಿಂದ ಸಂಖ್ಯೆಯು ತಪ್ಪು. ಅದಲುಬದಲಾಗಿ ೬೪೩೪ ಎಂದು ಬರೆದರೆ ಮೊತ್ತ ೪೨, ಶೇಷ ೯, ತಾಳೆಯಂಕೆ ೨ ಆಗಬೇಕು. ಇದೂ ತಪ್ಪೆಂದು ಗೊತ್ತಾಗುವುದು. ಹನ್ನೊಂದು ಅವಿಭಾಜ್ಯಸಂಖ್ಯೆ, ಅಂಕೆಗಳ ವ್ಯತ್ಯಾಸವೂ ಗುಣಕಗಳ ವ್ಯತ್ಯಾಸವೂ ಅದಕ್ಕಿಂತ ಕಿರಿದು. ಆದುದರಿಂದ ಒಂದು ಅಂಕೆಯ ತಪ್ಪಾಗಲಿ ಎರಡು ಅಂಕೆಗಳ ಅದಲುಬದಲಾಗಲಿ ಈ ತಾಳೆಯನ್ನು ತಪ್ಪಿಸಿಕೊಂಡು ಹೋಗಲಾರದು. ಒಮ್ಮೊಮ್ಮೆ ತಾಳೆಯಂಕೆಯು ಹತ್ತು ಆಗಬೇಕಾಗುವುದು. ಹತ್ತನ್ನು ಒಂದೇ ಅಂಕೆಯಲ್ಲಿ ಬರೆಯಲಾಗದುದರಿಂದ ಅಂತಹ ಸಂಖ್ಯೆಗಳನ್ನು ಯಾರಿಗೂ ಕೊಡುವುದಿಲ್ಲ. ೨೦೦೭ಕ್ಕೆ ಮೊದಲು ಅಚ್ಚಾದ ಪುಸ್ತಕಗಳ ಹತ್ತಂಕೆಯ ಗ್ರಂಥಸಂಖ್ಯೆಯಲ್ಲಿಯೂ ಇದೇ ಲೆಕ್ಕವಿದ್ದಿತು. ಕೆಲವು ಪುಸ್ತಕಗಳ ಸಂಖ್ಯೆಯ ಕೊನೆಯಲ್ಲಿ ಕಾಣುವ ಎಕ್ಸ್ ಎಂಬ ಅಕ್ಷರವು ಈ ಹತ್ತರ ರೋಮನ್ ಚಿಹ್ನೆಯೇ.

ಹ್ಯಾನ್ಸ್ ಪೀಟರ್ ಲೂನ್ ಎಂಬಾತನ ಇನ್ನೊಂದು ಕ್ರಮಕ್ಕೆ ೧೯೬೦ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಅದು ಸರಳವಾದುದು, ಆದರೆ ೦೯ ಎಂಬುದು ೯೦ ಆದರೆ ಅದಕ್ಕೆ ಗೊತ್ತಾಗದು. ಡಚ್ ಗಣಿತಜ್ಞನಾದ ವೆರ್ಹೂಫನು ೧೯೬೯ರಲ್ಲಿ ಪ್ರಕಟಿಸಿದ ಕ್ರಮವು ಹತ್ತೇ ಅಂಕೆಗಳನ್ನು ಬಳಸಿಯೂ ಪಕ್ಕಪಕ್ಕದ ಎಲ್ಲ ಅದಲುಬದಲುಗಳನ್ನು ಹಿಡಿಯುತ್ತದೆ. ಭಾರತದ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕೆಯು ಈ ಕ್ರಮದಿಂದ ಬಂದುದು. ಯಾವ ತಾಳೆಯಾದರೂ ತಪ್ಪುಂಟೆಂದು ಹೇಳುವುದೇ ಹೊರತು ಸರಿಯಾದುದು ಯಾವುದೆಂದು ಹೇಳುವುದಿಲ್ಲ. ಮಾತ್ರೆ ಕೊರತೆಯಾಯಿತೆಂದು ತೋರಿಸುವ ಛಂದಸ್ಸು ಬಿದ್ದುಹೋದ ಅಕ್ಷರವನ್ನು ತಂದುಕೊಡಲಾರದಷ್ಟೆ.

೪

ರೋಗಿಗೆ ಗುರುತು ಬೇಕಾದಂತೆ ವೈದ್ಯನಿಗೂ ಬೇಕು. ಕಾಲಕ್ರಮದಲ್ಲಿ ವೈದ್ಯನ ಗುರುತೇ ಮೊದಲು ಹುಟ್ಟಿತು. ಬ್ರಿಟನ್ನಿನಲ್ಲಿ ೧೮೫೮ರ ವೈದ್ಯಕೀಯ ಕಾನೂನು ಹೊರಟುದರ ಉದ್ದೇಶವೇ, ಕಲಿತ ವೈದ್ಯನಾರು, ಕಲಿಯದವನಾರು ಎಂಬುದನ್ನು ಚಿಕಿತ್ಸೆ ಬಯಸುವವರು ತಿಳಿಯುವಂತಾಗಬೇಕೆಂಬುದು. ಮುಂದಿನ ವರ್ಷ ಮೊದಲನೆಯ ವೈದ್ಯರ ಪಟ್ಟಿ ಅಚ್ಚಾಯಿತು. ಭಾರತದಲ್ಲಿ ನೋಂದಣಿಯ ಕೆಲಸವು ಪ್ರಾಂತಗಳ ವೈದ್ಯಕೀಯ ಪರಿಷತ್ತುಗಳಿಗೆ ಸೇರಿದುದು. ಕರ್ನಾಟಕದಲ್ಲಿ ಅದು ೧೯೬೧ರ ಕಾನೂನಿನಂತೆ ನಡೆಯುತ್ತದೆ. ೨೦೦೨ರಲ್ಲಿ ಗೊತ್ತುಪಡಿಸಿದ ನಡವಳಿಕೆಯ ನಿಯಮಗಳು, ವೈದ್ಯನು ತನ್ನ ನೋಂದಣಿಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧದ ಚೀಟಿಗಳಲ್ಲಿಯೂ ಕಾಣಿಸಬೇಕೆಂದು ವಿಧಿಸಿದುವು. ಒಂದೊಂದು ರಾಜ್ಯದ ಪರಿಷತ್ತೂ ತನ್ನ ತನ್ನ ಕ್ರಮದಲ್ಲಿ ಸಂಖ್ಯೆಗಳನ್ನು ಕೊಟ್ಟುದರಿಂದ, ಪರಿಷತ್ತಿನ ಹೆಸರನ್ನು ಸೇರಿಸದೆ ಬರಿಯ ಸಂಖ್ಯೆಯಿಂದ ವೈದ್ಯನನ್ನು ನಿಶ್ಚಯಿಸಲಾಗುತ್ತಿರಲಿಲ್ಲ. ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನಿನಂತೆ ಇಡೀ ದೇಶಕ್ಕೆ ಒಂದೇ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವು ೨೦೨೪ರ ಆಗಸ್ಟಿನಲ್ಲಿ ತೊಡಗಿತು.

ಅಮೆರಿಕದಲ್ಲಿ ತೊಡಕು ಬೇರೆಯ ತೆರನಾದುದು. ಅಲ್ಲಿ ಚಿಕಿತ್ಸೆಯ ವೆಚ್ಚವನ್ನು ಹಲವು ವಿಮಾ ಕಂಪೆನಿಗಳು ಕೊಡುತ್ತವೆ. ಒಂದೊಂದು ಕಂಪೆನಿಯೂ ಒಬ್ಬನೇ ವೈದ್ಯನಿಗೆ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದಿತು. ೨೦೦೪ರ ನಿಯಮವು ಇವನ್ನೆಲ್ಲ ಬಿಡಿಸಿ, ವೈದ್ಯರಿಗೂ ಆಸ್ಪತ್ರೆಗಳಿಗೂ ಹತ್ತಂಕೆಯ ಒಂದೇ ರಾಷ್ಟ್ರೀಯ ಸಂಖ್ಯೆಯನ್ನು ಗೊತ್ತುಪಡಿಸಿತು; ೨೦೦೭ನೆಯ ಮೇ ತಿಂಗಳಿನಿಂದ ಅದು ಬಹುಮಟ್ಟಿಗೆ ಎಲ್ಲೆಡೆಯೂ ಕಡ್ಡಾಯವಾಯಿತು. ಆ ಸಂಖ್ಯೆಯಲ್ಲಿ ವೈದ್ಯನ ಊರಾಗಲಿ ವಿದ್ಯೆಯಾಗಲಿ ಅಡಗಿಲ್ಲ. ಊರನ್ನು ಬಿಟ್ಟರೂ ಅಭ್ಯಾಸದ ಶಾಖೆಯನ್ನು ಬದಲಿಸಿದರೂ ಸಂಖ್ಯೆಯು ಬದಲಾಗಬೇಕಾಗಿಲ್ಲ. ಕೊನೆಯ ಅಂಕೆಯು ಲೂನನ ಕ್ರಮದ ತಾಳೆ.

೫

ಅದೇ ಅಮೆರಿಕದಲ್ಲಿ ರೋಗಿಗಳ ಸಂಖ್ಯೆಯ ಕಥೆ ಬೇರೆಯಾಯಿತು. ೧೯೯೬ರ ಕಾನೂನು ವೈದ್ಯರು, ವಿಮೆಯ ಯೋಜನೆಗಳು, ಉದ್ಯೋಗದಾತರು, ರೋಗಿಗಳು ಎಂಬ ನಾಲ್ವರಿಗೂ ಸಂಖ್ಯೆಗಳನ್ನು ವಿಧಿಸಿದ್ದಿತು. ಆದರೆ ಪ್ರತಿಯೊಬ್ಬನ ರೋಗಚರಿತ್ರೆಗೂ ಸರಕಾರದ ಕೈಯಲ್ಲಿ ಒಂದು ಬೀಗದ ಕೈ ಇರುವುದೆಂಬ ಭಯವು ಹುಟ್ಟಿ, ೧೯೯೮ರಲ್ಲಿ ಅಲ್ಲಿನ ಶಾಸನಸಭೆಯು ರೋಗಿಸಂಖ್ಯೆಯನ್ನು ಗೊತ್ತುಪಡಿಸುವುದಕ್ಕೆ ಹಣವನ್ನು ವೆಚ್ಚಮಾಡಕೂಡದೆಂದು ನಿಷೇಧಿಸಿತು. ೨೦೧೯ರಲ್ಲಿ ಪ್ರತಿನಿಧಿಸಭೆಯು ಈ ನಿಷೇಧವನ್ನು ತೆಗೆದುಹಾಕಲು ಮತಕೊಟ್ಟರೂ ಅದು ಕೊನೆಗೆ ಉಳಿದುಕೊಂಡಿತು. ಹೀಗೆ ಚಿಕಿತ್ಸೆ ಕೊಡುವವನಿಗೆ ರಾಷ್ಟ್ರೀಯ ಸಂಖ್ಯೆ ದೊರೆತು, ಪಡೆಯುವವನಿಗೆ ದೊರೆಯದೆ ಹೋಯಿತು.

ಈ ಭಯವು ಆಧಾರವಿಲ್ಲದುದೆಂದು ಹೇಳುವಂತಿಲ್ಲ. ಅಲ್ಲಿ ೧೯೩೬ರಿಂದ ವಿತರಣೆಯಾದ ಸಾಮಾಜಿಕ ಭದ್ರತೆಯ ಸಂಖ್ಯೆಯು ಪಿಂಚಣಿಯ ಲೆಕ್ಕಕ್ಕೆಂದು ಹುಟ್ಟಿದುದು. ಕಾಲಕ್ರಮದಲ್ಲಿ ಅದು ಎಲ್ಲ ವ್ಯವಹಾರಗಳಲ್ಲಿಯೂ ಸೇರಿಕೊಂಡಿತು. ೧೯೩೮ರಲ್ಲಿ ಹಣದ ಚೀಲಗಳನ್ನು ತಯಾರಿಸುವ ಒಂದು ಕಂಪೆನಿಯು ಮಾದರಿಗೆಂದು ಚೀಲದಲ್ಲಿಟ್ಟ ಕಾರ್ಡಿನಲ್ಲಿ ತನ್ನ ಕಚೇರಿಯ ಹೆಂಗಸೊಬ್ಬಳ ನಿಜವಾದ ಸಂಖ್ಯೆಯನ್ನೇ ಅಚ್ಚುಮಾಡಿತು. ಚೀಲವನ್ನು ಕೊಂಡವರಲ್ಲಿ ಹಲವರು ಅದನ್ನು ತಮ್ಮದೆಂದೇ ತಿಳಿದುಕೊಂಡರು. ೧೯೪೩ರಲ್ಲಿ ೫,೭೫೫ ಮಂದಿ ಆ ಒಂದು ಸಂಖ್ಯೆಯನ್ನು ಬಳಸುತ್ತಿದ್ದರು. ಸಂಖ್ಯೆಯನ್ನು ಬಲ್ಲವನೇ ಸಂಖ್ಯೆಯ ಒಡೆಯನೆಂದು ನಂಬುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ಹಳೆಯ ಸಾಕ್ಷಿ.

ವಚನಗಳ ಪರಿಷ್ಕರಣದಲ್ಲಿ ತೊಡಗಿದವರಿಗೆ ಈ ವಿವೇಕವು ಹೊಸದಲ್ಲ. ಅಂಕಿತವು ವಚನವನ್ನು ಯಾರದೆಂದು ತಿಳಿಸುವ ಗುರುತು. ಆದರೆ ಕೂಡಲಸಂಗಮದೇವನ ಅಂಕಿತವಿದ್ದ ಮಾತ್ರಕ್ಕೆ ಪ್ರತಿಯೊಂದು ವಚನವೂ ಬಸವಣ್ಣನವರದೇ ಎಂದು ನಿರ್ಣಯಿಸಲಾಗದು. ಅಂಕಿತವು ಕರ್ತೃವನ್ನು ಹೆಸರಿಸುತ್ತದೆ; ಕರ್ತೃತ್ವವನ್ನು ಸಾಧಿಸಲು ಭಾಷೆ, ಭಾವ, ಹಸ್ತಪ್ರತಿಗಳ ಸಾಕ್ಷ್ಯ ಬೇಕು. ರೋಗಿಸಂಖ್ಯೆಯೂ ಹಾಗೆಯೇ. ಅದು ಇಂತಹವನ ಕಡತವೆಂದು ತೋರಿಸಬಲ್ಲುದು. ಎದುರಿಗೆ ನಿಂತವನು ಅವನೇ ಎಂಬುದನ್ನು ಬೇರೆ ಪ್ರಮಾಣದಿಂದ ಸ್ಥಾಪಿಸಬೇಕು.

ವೃದ್ಧರಿಗೆ ಚಿಕಿತ್ಸೆಯ ವೆಚ್ಚವನ್ನು ಕೊಡುವ ಅಮೆರಿಕದ ಮೆಡಿಕೇರ್ ವ್ಯವಸ್ಥೆಯು ಪಿಂಚಣಿಯ ಸಂಖ್ಯೆಯನ್ನೇ ಕಾರ್ಡುಗಳ ಮೇಲೆ ಅಚ್ಚುಮಾಡುತ್ತಿದ್ದಿತು. ೨೦೧೫ರ ಕಾನೂನು ಇದನ್ನು ನಿಲ್ಲಿಸಬೇಕೆಂದು ವಿಧಿಸಿದ ಮೇಲೆ ೨೦೧೮ರಿಂದ ಹನ್ನೊಂದು ಚಿಹ್ನೆಗಳ ಹೊಸ ಗುರುತು ಬಂದಿತು. ಅಂಕೆಗಳೂ ರೋಮನ್ ಅಕ್ಷರಗಳೂ ಬೆರೆತ ಈ ಗುರುತಿನಲ್ಲಿ ಎಸ್, ಎಲ್, ಓ, ಐ, ಬಿ, ಝಡ್ ಎಂಬ ಆರು ಅಕ್ಷರಗಳನ್ನು ಬಿಟ್ಟಿದ್ದಾರೆ. ಅವು ಅಂಕೆಗಳಂತೆ ಕಂಡು ಓದುವವರ ಕಣ್ಣನ್ನು ವಂಚಿಸುತ್ತವೆ. ತಪ್ಪು ನಡೆದ ಮೇಲೆ ಹಿಡಿಯುವುದಕ್ಕಿಂತ ನಡೆಯದಂತೆ ಲಿಪಿಯನ್ನೇ ಆರಿಸುವುದು ಮೇಲಾದ ಉಪಾಯ.

೬

ಭಾರತದಲ್ಲಿ ಈ ವಿಚಾರವು ಆಧಾರ್ ಸಂಖ್ಯೆಯೊಡನೆ ಹೆಣೆದುಕೊಂಡಿದೆ. ಮೊದಲ ಆಧಾರ್ ಸಂಖ್ಯೆಗಳನ್ನು ೨೦೧೦ನೆಯ ಸೆಪ್ಟೆಂಬರಿನಲ್ಲಿ ಕೊಟ್ಟರು. ಆ ಕೆಲಸವನ್ನು ಮೊದಲಲ್ಲಿ ನಡೆಸಿದವರು ಬೆಂಗಳೂರಿನ ನಂದನ್ ನಿಲೇಕಣಿಯವರು. ಅದರ ಸಿಂಧುತ್ವವನ್ನು ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರೂ ಕನ್ನಡನಾಡಿನವರೇ: ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಈ ವ್ಯಾಜ್ಯದಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ನೆಯ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ೨೦೧೮ನೆಯ ಸೆಪ್ಟೆಂಬರ್ ೨೬ರ ತೀರ್ಪು ಸರಕಾರದ ಸಹಾಯಧನಗಳಿಗೆ ಆಧಾರ್ ಸಂಖ್ಯೆಯನ್ನು ಒಪ್ಪಿ, ಖಾಸಗಿ ಕಂಪೆನಿಗಳು ಅದನ್ನು ಕೇಳಲು ಅವಕಾಶ ಕೊಟ್ಟಿದ್ದ ವಿಧಿಯನ್ನು ತಳ್ಳಿಹಾಕಿತು.

ಆರೋಗ್ಯಕ್ಕೆಂದು ಬೇರೆಯ ಸಂಖ್ಯೆಯು ಬಂದುದು ಇದರ ತರುವಾಯ. ೨೦೨೦ನೆಯ ಆಗಸ್ಟ್ ೧೫ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗಾರ್ಥವಾಗಿ ಘೋಷಿತವಾದ ಯೋಜನೆಯು ೨೦೨೧ನೆಯ ಸೆಪ್ಟೆಂಬರ್ ೨೭ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ಹರಡಿತು. ಅದರ ರೋಗಿಸಂಖ್ಯೆಯಾದ ‘ಆಭಾ’ದಲ್ಲಿ ಹದಿನಾಲ್ಕು ಅಂಕೆಗಳಿವೆ. ವೈದ್ಯರಿಗೂ ಚಿಕಿತ್ಸಾಲಯಗಳಿಗೂ ಬೇರೆ ಬೇರೆ ಪಟ್ಟಿಗಳಿವೆ. ರೋಗಚರಿತ್ರೆಗಳೆಲ್ಲವೂ ಒಂದೇ ಭಂಡಾರಕ್ಕೆ ಬಂದು ಸೇರುವುದಿಲ್ಲ. ಅವು ಆಯಾ ಆಸ್ಪತ್ರೆಯಲ್ಲಿಯೇ ಉಳಿದು, ರೋಗಿಯು ಸಮ್ಮತಿಸಿದಾಗ ಮಾತ್ರ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬೇಕೆಂಬುದು ಯೋಜನೆಯ ತತ್ತ್ವ. ಸಂಖ್ಯೆಯನ್ನು ಪಡೆಯುವುದು ಐಚ್ಛಿಕವೆಂದೂ ಹೇಳಿದೆ. ಸಮ್ಮತಿಯ ಬೆಲೆಯು ಅದನ್ನು ಕೇಳುವ ರೀತಿಯನ್ನು ಅವಲಂಬಿಸುತ್ತದೆ. ನೋವಿನಿಂದ ಸಾಲಿನಲ್ಲಿ ನಿಂತವಳಿಗೆ ಓದಲಾಗದ ಭಾಷೆಯ ಒಪ್ಪಿಗೆಪತ್ರವನ್ನು ತೋರಿಸಿ ಹೆಬ್ಬೆಟ್ಟನ್ನು ಒತ್ತಿಸಿಕೊಂಡರೆ ಅದನ್ನು ಸಮ್ಮತಿಯೆನ್ನಲಾಗದು. ಈ ಪತ್ರಗಳು ತಿಳಿಗನ್ನಡದಲ್ಲಿ ಇರಬೇಕಾದುದು ಭಾಷಾಭಿಮಾನದ ಮಾತಲ್ಲ, ನ್ಯಾಯದ ಮಾತು. ಭಾಷೆಯನ್ನು ಕಲಿಸುವವರಿಗೆ ಇಲ್ಲಿ ಮಾಡಬೇಕಾದ ಕೆಲಸವುಂಟು.

೭

ಒಂದೇ ಬೀಗದ ಕೈಯಿಂದ ಎಲ್ಲ ಕೋಣೆಗಳೂ ತೆರೆಯುವುದಾದರೆ ಮನೆಯವರಿಗೆ ಅನುಕೂಲ, ಕಳ್ಳನಿಗೂ ಅನುಕೂಲ. ೨೦೧೮ರಲ್ಲಿ ಸಿಂಗಪುರದಲ್ಲಿ ಸುಮಾರು ೧೫ ಲಕ್ಷ ರೋಗಿಗಳ ಹೆಸರು, ವಿಳಾಸ, ರಾಷ್ಟ್ರೀಯ ಗುರುತುಸಂಖ್ಯೆಗಳು ಗಣಕಯಂತ್ರದಿಂದ ಅಪಹೃತವಾದುವು. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಹೊರಬಿದ್ದ ರೋಗದ ಸಂಗತಿಯನ್ನು ಮತ್ತೆ ಗುಟ್ಟುಮಾಡಲಾಗದು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಮನೋರೋಗ, ಕುಷ್ಠ, ಏಡ್ಸ್ ಮೊದಲಾದುವುಗಳ ಸುದ್ದಿಯು ಒಂದು ಮನೆತನವನ್ನೇ ಬೇರೆಯಾಗಿ ನಿಲ್ಲಿಸಬಲ್ಲುದು. ಆದುದರಿಂದ ಆರೋಗ್ಯಕ್ಕೆ ಬೇರೆಯ ಸಂಖ್ಯೆಯಿರುವುದು, ಅದರಲ್ಲಿ ಅರ್ಥವು ಅಡಗಿರದಿರುವುದು, ಯಾರು ಯಾವಾಗ ಕಡತವನ್ನು ನೋಡಿದರೆಂಬುದು ರೋಗಿಗೆ ತಿಳಿಯುವಂತಿರುವುದು, ಇವು ಮೂರೂ ಒಳ್ಳೆಯ ವ್ಯವಸ್ಥೆಯ ಲಕ್ಷಣಗಳು.

ಇವುಗಳಿಗೆ ನಾಲ್ಕನೆಯದೊಂದನ್ನು ಸೇರಿಸಬೇಕು. ಅಭಿಜ್ಞಾನವೆಂದರೆ ಗುರುತಿಸುವಿಕೆ, ಗುರುತಿಸುವುದಕ್ಕೆ ಸಾಧನವಾದ ವಸ್ತು ಎಂಬ ಎರಡು ಅರ್ಥಗಳುಂಟು. ಕಾಳಿದಾಸನ ನಾಟಕದಲ್ಲಿ ಉಂಗುರವು ಕಳೆದುಹೋದುದರಿಂದ ಶಕುಂತಳೆಯು ಆಸ್ಥಾನದ ಬಾಗಿಲಿನಿಂದ ಹಿಂದಿರುಗಬೇಕಾಯಿತು. ಅಲ್ಲಿ ಮರವೆಗೆ ಶಾಪವು ಕಾರಣವೆಂಬ ಸಮಾಧಾನವಾದರೂ ಇದ್ದಿತು. ಸಂಖ್ಯೆಯಿಲ್ಲವೆಂದೋ, ಯಂತ್ರವು ಬೆರಳಚ್ಚನ್ನು ಒಪ್ಪಲಿಲ್ಲವೆಂದೋ ರೋಗಿಯನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವವರಿಗೆ ಆ ಸಮಾಧಾನವೂ ಇಲ್ಲ. ಸಂಖ್ಯೆಯು ಹುಟ್ಟಿದುದು ರೋಗಿಯ ಕಡತವನ್ನು ಹುಡುಕುವುದಕ್ಕಾಗಿ. ಎದುರಿಗೆ ನಿಂತ ರೋಗಿಗೆ ಚಿಕಿತ್ಸೆಯನ್ನು ಮೊದಲು ಕೊಟ್ಟು ಸಂಖ್ಯೆಯನ್ನು ಆಮೇಲೆ ಹುಡುಕಬಹುದು.